ಹೊಡೆಯದ ಕೈಯ ಹಿಂಸೆ



ಹಿಂಸೆ ಎಂದ ಕೂಡಲೇ ಕತ್ತಿಯೂ ದೊಣ್ಣೆಯೂ ನಮ್ಮ ನೆನಪಿಗೆ ಬರುತ್ತವೆ. ನಾವು ಯಾರನ್ನೂ ಹೊಡೆದವರಲ್ಲವಾದದರಿಂದ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯವನ್ನು ಓದುವಾಗ ಅದು ನೆರೆಮನೆಯವರಿಗೆ ಹೇಳಿದ ಮಾತೆಂದು ಎಣಿಸಿ ಸುಮ್ಮನಿರುತ್ತೇವೆ. ಆದರೆ ಅಲ್ಲಿ ಕರ್ತನು ಕೊಲೆಯ ಬೇರನ್ನು ಕೈಯಲ್ಲಿ ಹುಡುಕದೆ, ಸಹೋದರನನ್ನು ತುಚ್ಛವಾಗಿ ಕರೆಯುವ ಬಾಯಲ್ಲಿ ಹುಡುಕುತ್ತಾನೆ.

ಈ ಪರ್ವತಪ್ರಸಂಗವನ್ನು ಬಹಳವಾಗಿ ಮೆಚ್ಚಿದ ಗಾಂಧಿಯವರು 1934ನೇ ಇಸವಿಯ ಫೆಬ್ರವರಿಯಲ್ಲಿ ಹರಿಜನಸೇವೆಗಾಗಿ ದೇಶಸಂಚಾರ ಮಾಡುತ್ತಾ ಮಂಗಳೂರಿಗೂ ಉಡುಪಿಗೂ ಬಂದರು. ಆ ಎರಡು ಪಟ್ಟಣಗಳ ನಡುವಣ ಮಾರ್ಗದಲ್ಲಿಯೇ ನಮ್ಮ ಪಡುಬಿದ್ರಿಯು ಇರುವದು. ಪರರ ಸರಕಾರವನ್ನು ಕೈಯೆತ್ತದೆ ಎದುರಿಸಿದ ಅವರು, ಸ್ವಜನರು ಸ್ವಜನರನ್ನು ಮುಟ್ಟದೆ ದೂರವಿಡುವದನ್ನೂ ಹಿಂಸೆಯೆಂದೇ ಎಣಿಸಿದರು.

ಅವರು ಬರುವದಕ್ಕೆ 42 ವರುಷ ಮೊದಲೇ ಈ ಸೀಮೆಯಲ್ಲಿ ಒಬ್ಬರು ಈ ಕೆಲಸಕ್ಕೆ ಕೈಹಾಕಿದ್ದರು. ಕುದ್ಮುಲ್ ರಂಗರಾಯರು 1859ರಲ್ಲಿ ಕಾಸರಗೋಡಿನಲ್ಲಿ ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿ, ಮಂಗಳೂರಿನಲ್ಲಿ ವಕೀಲರಾದವರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತರ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಹಸಿದ ಮನೆಗೆ ಮಗುವಿನ ಕೂಲಿಯೂ ಬೇಕೆಂದು ಅರಿತು, ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು. (ಬರೀ ಬುದ್ಧಿವಾದ ಹೇಳುವ ನಮ್ಮಂಥವರು ಇದನ್ನು ಗಮನಿಸತಕ್ಕದ್ದು.) 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಬಹಿಷ್ಕಾರಕ್ಕೆ ದೊಣ್ಣೆ ಬೇಡ, ಬಾಗಿಲು ಮುಚ್ಚಿದರೆ ಸಾಕು. ರಂಗರಾಯರಾದರೋ ಹಗೆಗೆ ಹಗೆ ತೀರಿಸಲಿಲ್ಲ, ಶಾಲೆಯನ್ನೂ ಮುಚ್ಚಲಿಲ್ಲ. 1928ರಲ್ಲಿ ತೀರಿಕೊಂಡಾಗ, ಯಾರನ್ನು ಇತರರು ಮುಟ್ಟುತ್ತಿರಲಿಲ್ಲವೋ ಅವರೇ ಅವರ ಶವವನ್ನು ಹೊತ್ತರು. ಅವರು ನಮ್ಮ ಸಭೆಯವರಲ್ಲ, ಬ್ರಹ್ಮಸಮಾಜದವರು.

ನಮ್ಮ ಹಿರಿಯರು ಬೇರೆ ಬೇರೆ ಜಾತಿಗಳಿಂದ ಬಂದು ಕರ್ತನ ಮೇಜಿನ ಮುಂದೆ ಒಂದಾಗಿ ನಿಂತರು. ಅಸ್ಪೃಶ್ಯತೆಯು ಸಲ್ಲದೆಂದು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿಯೂ ಹೇಳುತ್ತದೆ. ಆದಾಗ್ಯೂ ಮದುವೆಯ ಮಾತು ಬಂದಾಗ ಜಗಲಿಯಲ್ಲಿ ಮೆಲ್ಲನೆ ಒಂದು ಪ್ರಶ್ನೆ ಹುಟ್ಟುತ್ತದೆ: ಆ ಮನೆಯವರು ಮೊದಲು ಯಾವ ಜಾತಿ?

ಸಮಾರ್ಯದ ಸ್ತ್ರೀಯ ಕೊಡದಿಂದ ಕರ್ತನು ನೀರು ಕೇಳಿದ ಸಂಗತಿ ನಮಗೆ ಬಾಯಿಪಾಠವಾಗಿದೆ. ಅದರ ಮೇಲೆ ಪ್ರಸಂಗವನ್ನೂ ಮಾಡಿದ್ದೇವೆ. ಆದರೂ ಹುಡುಗಿಯ ತಂದೆಯೊಬ್ಬನು ಆ ಪ್ರಶ್ನೆಯೊಂದಿಗೆ ನಮ್ಮ ಬಳಿಗೆ ಬಂದಾಗ, ಬಲ್ಲವರಾಗಿದ್ದ ನಾವು ಉತ್ತರವನ್ನು ಹೇಳಿಬಿಟ್ಟೆವು. ಸಂಬಂಧ ಮುರಿಯಿತು. ಆ ಹುಡುಗನ ತಾಯಿಯು ಈಗಲೂ ಆದಿತ್ಯವಾರ ನಮ್ಮ ಕೈಯಿಂದಲೇ ಕರ್ತನ ರೊಟ್ಟಿಯನ್ನು ತಕ್ಕೊಳ್ಳುತ್ತಾಳೆ. ಇಷ್ಟರಲ್ಲಿ ಯಾರೂ ಯಾರನ್ನೂ ಹೊಡೆಯಲಿಲ್ಲ.