ಒಡವೆಯೂ ಒಡೆತನವೂ

ನಮ್ಮ ತಾಯಿಯವರ ಒಂದು ಜೊತೆ ಕೆಂಪಿನ ಬೆಂಡೋಲೆ ಹನ್ನೊಂದು ವರ್ಷಗಳಿಂದ ಬ್ಯಾಂಕಿನ ಲಾಕರಿನಲ್ಲಿದೆ. ವರ್ಷಕ್ಕೊಮ್ಮೆ ಬಾಡಿಗೆ ಕಟ್ಟಲು ಹೋದಾಗ ಪೆಟ್ಟಿಗೆ ತೆರೆದು ನೋಡುತ್ತೇನೆ. ತಿಳಿಗೆಂಪು ಹರಳುಗಳು ಇದ್ದಲ್ಲಿಯೇ ಇವೆಯೆಂದು ಖಾತ್ರಿಯಾದ ಮೇಲೆ ಮುಚ್ಚುತ್ತೇನೆ. ಈ ಸಲ ಹಾಗೆ ಮುಚ್ಚುವಾಗ ಒಂದು ಪ್ರಶ್ನೆ ಎದ್ದಿತು. ಈ ಓಲೆ ನನ್ನದು ಎಂದರೆ ಅರ್ಥವೇನು? ನಾನು ಅದನ್ನು ಇಟ್ಟುಕೊಳ್ಳುವವನಲ್ಲ, ಮಾರುವವನೂ ಅಲ್ಲ. ಬೇರೆ ಯಾರೂ ಇಟ್ಟುಕೊಳ್ಳದಂತೆ ಕಾಯುತ್ತಿದ್ದೇನೆ, ಅಷ್ಟೆ. ಒಡೆತನವೆಂದರೆ ಇಷ್ಟೆಯೆ?

ಸಣ್ಣ ಪ್ರಶ್ನೆಯನ್ನು ದೊಡ್ಡ ಕಲ್ಲಿನ ಒರೆಗೆ ಹಚ್ಚಿ ನೋಡುವುದುಂಟು. ಟೆಹರಾನಿನಲ್ಲಿ, ಇರಾನಿನ ಕೇಂದ್ರ ಬ್ಯಾಂಕಿನ ಭಂಡಾರದಲ್ಲಿ, ದರಿಯಾ-ಇ-ನೂರ್ ಎಂಬ ಗುಲಾಬಿ ವಜ್ರವಿದೆ. ಹೆಸರಿನ ಅರ್ಥ ಬೆಳಕಿನ ಸಾಗರ. ಸುತ್ತಲಿನ ಕಟ್ಟಿನಿಂದ ಬಿಡಿಸಿ ತೂಗಿಲ್ಲವಾದ ಕಾರಣ ತೂಕವನ್ನು ಅಂದಾಜಿನಿಂದ ಸುಮಾರು 182 ಕ್ಯಾರೆಟ್ ಎನ್ನುತ್ತಾರೆ. ಐದು ಕ್ಯಾರೆಟ್ಟಿಗೆ ಒಂದು ಗ್ರಾಮಿನ ಲೆಕ್ಕದಲ್ಲಿ ಅದು ಮೂವತ್ತಾರು ಗ್ರಾಮು. ಒಂದು ಹಿಡಿ ಅಕ್ಕಿಯಷ್ಟು ಭಾರ.

1642ರಲ್ಲಿ ಫ್ರಾನ್ಸಿನ ರತ್ನವ್ಯಾಪಾರಿ ಟ್ಯಾವರ್ನಿಯೆ ಗೋಲ್ಕೊಂಡದ ಒಬ್ಬ ವರ್ತಕನ ಬಳಿ ಚಪ್ಪಟೆಯಾದ ಒಂದು ಭಾರಿ ವಜ್ರವನ್ನು ಕಂಡ. ವರ್ತಕ ಐದು ಲಕ್ಷ ರೂಪಾಯಿ ಕೇಳಿದ. ನಾಲ್ಕು ಲಕ್ಷಕ್ಕೆ ಕೊಡಲೊಪ್ಪಲಿಲ್ಲ. ಟ್ಯಾವರ್ನಿಯೆ ಸೀಸದಲ್ಲಿ ಅದರ ಅಚ್ಚು ತೆಗೆದುಕೊಂಡು ತೃಪ್ತನಾದ. 1965ರಲ್ಲಿ ಇರಾನಿನ ರತ್ನಗಳನ್ನು ಪರೀಕ್ಷಿಸಿದ ಕೆನಡಾದ ತಜ್ಞರು, ಆ ಕಲ್ಲನ್ನೇ ಎರಡಾಗಿ ಒಡೆದು ದರಿಯಾ-ಇ-ನೂರ್ ಮತ್ತು ನೂರ್-ಉಲ್-ಐನ್ ಎಂಬ ಎರಡು ವಜ್ರಗಳನ್ನು ಮಾಡಿರಬೇಕೆಂದು ಅಭಿಪ್ರಾಯಪಟ್ಟರು. ಎರಡನೆಯದು 1959ರಲ್ಲಿ ಇರಾನಿನ ದೊರೆಯ ಮದುವೆಯಂದು ರಾಣಿಯ ಮುಡಿಯಲ್ಲಿತ್ತು. ಇಪ್ಪತ್ತು ವರ್ಷ ಕಳೆಯುವುದರೊಳಗೆ ದೊರೆರಾಣಿಯರಿಬ್ಬರೂ ದೇಶ ಬಿಟ್ಟರು. ವಜ್ರ ಅಲ್ಲಿಯೇ ಉಳಿಯಿತು.

ಈ ಕಲ್ಲನ್ನು ನನ್ನದೆಂದವರ ಕಥೆಯನ್ನು ಒಮ್ಮೆ ನೆನೆಯೋಣ. 1739ರಲ್ಲಿ ನಾದಿರ್ ಶಾ ದಿಲ್ಲಿಯನ್ನು ಸೂರೆಮಾಡಿ ಕೊಂಡೊಯ್ದ. 1747ರಲ್ಲಿ ತನ್ನ ಸೇನೆಯವರಿಂದಲೇ ಹತನಾದ. ಮುಂದೆ ಲುತ್ಫ್ ಅಲಿ ಖಾನನ ಕೈಗೆ ಬಂದಿತು; 1794ರಲ್ಲಿ ಅವನು ಸೆರೆಸಿಕ್ಕು, ಕಣ್ಣು ಕಳೆದುಕೊಂಡು, ಪ್ರಾಣವನ್ನೂ ಕಳೆದುಕೊಂಡ. ಅವನನ್ನು ಗೆದ್ದ ಆಗಾ ಮಹಮ್ಮದ್ ಖಾನ್ 1797ರಲ್ಲಿ ಸ್ವಂತ ಸೇವಕರ ಕೈಯಿಂದ ಸತ್ತ. ಅವನ ತರುವಾಯ ಬಂದ ಫತೇ ಅಲಿ ಶಾ ವಜ್ರದ ಮೇಲೆ ತನ್ನ ಹೆಸರನ್ನೇ ಕೆತ್ತಿಸಿದ. ಹೆಸರಿನೊಡನೆ ಕೆತ್ತಿರುವ ಇಸವಿ ಹಿಜರಿ 1250. ಆತ ತೀರಿಕೊಂಡುದೂ ಅದೇ ವರ್ಷ, 1834ರಲ್ಲಿ.

ಇದನ್ನು ಕಲ್ಲಿನ ಶಾಪವೆಂದು ಹೇಳುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಕಲ್ಲಿಗೆ ಶಾಪವೂ ಇಲ್ಲ, ವರವೂ ಇಲ್ಲ. ಅದರ ಬಾಳು ಬಹಳ ಉದ್ದ, ನಮ್ಮ ಬಾಳು ಬಹಳ ಗಿಡ್ಡ. ಹೆಸರನ್ನು ವಜ್ರದ ಮೇಲೆ ಬರೆದುದರಿಂದ ವಜ್ರ ಅವನದಾಗಲಿಲ್ಲ. ಅವನ ಹೆಸರು ವಜ್ರದ್ದಾಯಿತು.

ಅಂಥ ಕಲ್ಲಿಗೆ ಅಷ್ಟು ಬೆಲೆ ಏಕೆ? ಚೆಲುವಿಗಾಗಿ ಎಂದು ಥಟ್ಟನೆ ಹೇಳುತ್ತೇವೆ. ಆದರೆ ಚೆಲುವಿಗೆ ತೆರುವ ಬೆಲೆಯೇ ಬೇರೆ, ವಿರಳತೆಗೆ ತೆರುವ ಬೆಲೆಯೇ ಬೇರೆ. ಲೋಕದ ಗುಲಾಬಿ ವಜ್ರಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಕೊಡುತ್ತಿದ್ದ ಆಸ್ಟ್ರೇಲಿಯಾದ ಆರ್ಗೈಲ್ ಗಣಿ 2020ರಲ್ಲಿ ಮುಚ್ಚಿತು. ಹೀಗೆ ಗಣಿ ಮುಚ್ಚಿದರೆ ಕಲ್ಲಿನ ಬೆಲೆ ಏರುತ್ತದೆ, ಕಲ್ಲು ಮಾತ್ರ ಮೊದಲಿಗಿಂತ ಕೂದಲೆಳೆಯಷ್ಟೂ ಚೆಲುವಾಗುವುದಿಲ್ಲ. ಏರಿದ ಬೆಲೆ ಯಾವುದಕ್ಕೆ? ‘ನನ್ನಲ್ಲಿದೆ, ನಿನ್ನಲ್ಲಿಲ್ಲ’ ಎಂಬ ಮಾತಿಗೆ. 2017ರಲ್ಲಿ ಹಾಂಕಾಂಗಿನ ಹರಾಜಿನಲ್ಲಿ 59.60 ಕ್ಯಾರೆಟ್ಟಿನ ‘ಪಿಂಕ್ ಸ್ಟಾರ್’ 7 ಕೋಟಿ 12 ಲಕ್ಷ ಡಾಲರಿಗೆ ಹೋಯಿತು. ಅದಕ್ಕೆ ಮೊದಲು 2013ರಲ್ಲಿ ಜಿನೀವಾದಲ್ಲಿ ಅದನ್ನು ಇನ್ನೂ ಹೆಚ್ಚಿನ ಬೆಲೆಗೆ ಕೂಗಿದವನು ಹಣ ಹೊಂದಿಸಲಾರದೆ ಕೈಬಿಟ್ಟಿದ್ದ. ‘ನನ್ನದು’ ಎನ್ನುವ ಸುಖಕ್ಕೆ ಮನುಷ್ಯ ತನ್ನಲ್ಲಿಲ್ಲದ ಹಣವನ್ನೂ ಕೂಗಿಬಿಡುತ್ತಾನೆ!

ಇನ್ನೊಂದು ಸೋಜಿಗವಿದೆ. ಹಳದಿ ವಜ್ರಕ್ಕೆ ಸಾರಜನಕ, ನೀಲಿ ವಜ್ರಕ್ಕೆ ಬೋರಾನ್ ಬಣ್ಣ ಕೊಡುತ್ತದೆ. ಗುಲಾಬಿ ವಜ್ರಗಳಲ್ಲಿ ಹೆಚ್ಚಿನವಕ್ಕೆ ಅಂಥ ಬೆರಕೆಯಿಂದ ಬಂದ ಬಣ್ಣವಲ್ಲ. ಭೂಗರ್ಭದ ಒತ್ತಡಕ್ಕೆ ಸಿಕ್ಕಿ ಹರಳಿನ ಒಳಕಟ್ಟು ತಿರುಚಿಕೊಂಡುದರಿಂದ ಮೂಡಿದ ಬಣ್ಣ ಅದು. ಒಳಗೆ ನೊಂದ ಕಲ್ಲಿಗೇ ನಾವು ಹೆಚ್ಚು ಬೆಲೆ ಕಟ್ಟುತ್ತೇವೆ. ನೊಂದ ಮನುಷ್ಯನಿಗೆ ಹಾಗೆ ಬೆಲೆ ಕಟ್ಟಿದ್ದನ್ನು ನಾನು ಕಂಡಿಲ್ಲ. ದರಿಯಾ-ಇ-ನೂರ್ ಕೃಷ್ಣಾತೀರದ ಕೊಲ್ಲೂರಿನ ಗಣಿಯದೆಂದು ಹೇಳುತ್ತಾರೆ. ಆ ಗಣಿಯಲ್ಲಿ ಸುಮಾರು ಅರವತ್ತು ಸಾವಿರ ಜನ ದುಡಿಯುತ್ತಿದ್ದರೆಂದೂ, ಗಂಡಸರು ಅಗೆದ ಮಣ್ಣನ್ನು ಹೆಂಗಸರೂ ಮಕ್ಕಳೂ ಹೊರುತ್ತಿದ್ದರೆಂದೂ ಟ್ಯಾವರ್ನಿಯೆ ಬರೆದಿದ್ದಾನೆ. ಆ ಅರವತ್ತು ಸಾವಿರದಲ್ಲಿ ಒಬ್ಬರ ಹೆಸರೂ ಯಾವ ಕಲ್ಲಿನ ಮೇಲೂ ಇಲ್ಲ. ಗಣಿಯ ನೆಲವೇ ಈಗ ಪುಲಿಚಿಂತಲ ಅಣೆಕಟ್ಟಿನ ನೀರಿನಡಿಯಲ್ಲಿದೆ. ನಮ್ಮ ರಾಯಚೂರನ್ನು ದಾಟಿ ಹೋದ ಕೃಷ್ಣೆ ಅದರ ಮೇಲೆ ನಿಂತಿದ್ದಾಳೆ.

ಎದುರುಪಕ್ಷದ ಮಾತನ್ನೂ ಕೇಳಬೇಕು. ಸಂಗ್ರಹಿಸುವವನು ಇಲ್ಲದಿದ್ದರೆ ಚೆಲುವಾದ ವಸ್ತುಗಳು ಉಳಿಯುತ್ತಿದ್ದುವೆ? ಲೋಭಿಯಾದರೂ ಅವನು ಕಾವಲುಗಾರ. ಈ ವಾದದಲ್ಲಿ ಹುರುಳಿದೆ. 1937ರಲ್ಲಿ ಇರಾನಿನ ಅರಮನೆಯ ರತ್ನಗಳು ರಾಜ್ಯದ ಸ್ವತ್ತಾಗಿ, ನಾಣ್ಯಕ್ಕೆ ಆಧಾರವಾಗಿ ಬ್ಯಾಂಕಿಗೆ ಸೇರಿದುವು. ಮುಂದೆ ಜನರು ನೋಡುವಂತೆ ಪ್ರದರ್ಶನಕ್ಕೂ ಬಂದುವು. ಒಬ್ಬನ ಮುಷ್ಟಿಯಲ್ಲಿದ್ದುದು ಹಲವರ ಕಣ್ಣಿಗೆ ಬಿದ್ದಿತು. ಇದು ಒಳ್ಳೆಯದೇ ಸರಿ. ಆದರೆ ಕಾವಲುಗಾರನು ತಾನೇ ಒಡೆಯನೆಂದು ತಿಳಿದಾಗ ಕೇಡು ಮೊದಲಾಗುತ್ತದೆ. ಕಾಯುವುದು ಯಾರಿಗಾಗಿ ಎಂಬ ಪ್ರಶ್ನೆಯನ್ನು ಮರೆತ ಕಾವಲು ಸೆರೆಮನೆಯ ಕಾವಲು.

ಒಡವೆ, ಒಡೆಯ ಎಂಬ ಮಾತುಗಳೆರಡೂ ಕನ್ನಡದಲ್ಲಿ ಒಂದೇ ಕುಲದವು. ಹಳಗನ್ನಡದ ‘ಒಡಮೆ’ಗೆ ಸ್ವತ್ತು ಎಂದೇ ಅರ್ಥ. ಆದರೂ ತರಗತಿಯಲ್ಲಿ ಈ ಮಾತನ್ನು ಬಿಡಿಸಿ ಹೇಳುವಾಗಲೆಲ್ಲ ನನಗೆ ಅಮ್ಮನ ನೆನಪಾಗಿ ಸ್ವಲ್ಪ ಸಂಕೋಚವಾಗುತ್ತದೆ. ಏಕೆಂದರೆ ಆ ಬೆಂಡೋಲೆಗೆ ಅಮ್ಮ ಎಂದೂ ಒಡತಿಯಂತೆ ನಡೆದುಕೊಳ್ಳಲಿಲ್ಲ. ನಮ್ಮ ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಹಿಂದಿನ ದಿನ ಸಂಜೆ ಒಬ್ಬರು ಬಂದು, “ಅಮ್ಮಾ, ಓಲೆ...” ಎಂದು ಮಾತು ಅರ್ಧಕ್ಕೆ ನಿಲ್ಲಿಸುತ್ತಿದ್ದರು. ಅಮ್ಮ ಉಳಿದರ್ಧವನ್ನು ಕೇಳುತ್ತಿರಲಿಲ್ಲ. ಒಳಗೆ ಹೋಗಿ ಅರಿಸಿನದ ಬಟ್ಟೆಯಲ್ಲಿ ಸುತ್ತಿದ ಗಂಟನ್ನು ತಂದುಕೊಡುತ್ತಿದ್ದರು. ಎಷ್ಟು ಮದುಮಕ್ಕಳ ಕಿವಿಯಲ್ಲಿ ಆ ಕೆಂಪು ಹೊಳೆಯಿತೋ ಲೆಕ್ಕವಿಟ್ಟವರಿಲ್ಲ. ಒಮ್ಮೆ ಒಂದು ಹರಳು ಬಿದ್ದುಹೋಗಿ, ತಂದವರು ಅಳುತ್ತ ನಿಂತಾಗ, “ಹುಡುಗಿ ಚೆನ್ನಾಗಿದ್ದಾಳಷ್ಟೆ?” ಎಂದು ಕೇಳಿ ಸುಮ್ಮನಾದರು. ಆ ಜಾಗದಲ್ಲಿ ಈಗಲೂ ಬೇರೆ ಬಣ್ಣದ ಹರಳಿದೆ.

ಅವರು ಹೋದ ಮೇಲೆ ಪಾಲಿನ ಮಾತು ಬಂದಿತು. ತಂಗಿ, “ಓಲೆ ನನಗಿರಲಿ ಅಣ್ಣಾ” ಎಂದಳು. “ಇರಲಿ, ಲಾಕರಿನಲ್ಲಿ ಭದ್ರವಾಗಿರುತ್ತದೆ, ಆಮೇಲೆ ನೋಡೋಣ” ಎಂದೆ. ಅವಳು ಮತ್ತೆ ಕೇಳಲಿಲ್ಲ. ಹನ್ನೊಂದು ವರ್ಷದಲ್ಲಿ ಓಲೆ ಭದ್ರವಾಗಿದೆ. ನಮ್ಮಿಬ್ಬರ ಮಾತು ಮಾತ್ರ ಮೊದಲಿನಷ್ಟು ಸಲೀಸಾಗಿಲ್ಲ. ನಾದಿರ್ ಶಾನನ್ನು ದೂರುವುದು ಸುಲಭ. ಅವನಿಗೆ ದಿಲ್ಲಿಯಷ್ಟು ದೊಡ್ಡ ಊರು ಸಿಕ್ಕಿತ್ತು, ನನಗೆ ಸಿಕ್ಕಿದ್ದು ಅಂಗೈಯಗಲದ ಪೆಟ್ಟಿಗೆ; ಇಬ್ಬರಲ್ಲಿರುವ ಭೇದ ಬಹುಮಟ್ಟಿಗೆ ಇಷ್ಟೇ ಇರಬಹುದು.

ಬರುವ ತಿಂಗಳು ತಂಗಿಯ ಮಗಳ ಮದುವೆ. ಓಲೆಯನ್ನು ತೆಗೆದುಕೊಂಡು ಹೋಗುವುದೆಂದು ನಿಶ್ಚಯಿಸಿದ್ದೇನೆ. ನಿಶ್ಚಯಿಸಿದ ಮರುಗಳಿಗೆಯೇ, ಮದುವೆ ಮುಗಿದ ಮೇಲೆ ಹಿಂದಕ್ಕೆ ಕೇಳುವುದು ಹೇಗೆ ಎಂಬ ಯೋಚನೆ ಬಂದಿತು. ಕೇಳದಿರುವುದನ್ನು ಕಲಿಯಬೇಕು. ಅಮ್ಮ ಓದುಬರಹವಿಲ್ಲದೆ ಕಲಿತಿದ್ದ ಪಾಠವದು. ನನಗೆ ಈ ವಯಸ್ಸಿನಲ್ಲಿಯಾದರೂ ಬಂದೀತೆ?