ಪುಸ್ತಕದ ಮೇಲಿನ ಹೆಸರು

ಒಂದು ವಸ್ತು ಹಿಂದೆ ಯಾರ ಕೈಯಲ್ಲಿತ್ತು ಎಂಬ ಕಾರಣದಿಂದ ಅದರ ಬೆಲೆ ಹೆಚ್ಚುವುದು ನ್ಯಾಯವೆ? ಹೆಚ್ಚುವುದಾದರೆ, ಅದಕ್ಕೆ ಸಾಕ್ಷಿ ಹೇಳುವವನ ಹೊಣೆ ಎಷ್ಟು? ಕಳೆದ ವರ್ಷ ಮಂಡ್ಯದ ಸಮೀಪದ ಯಲಿಯೂರಿನಲ್ಲಿ ನಮ್ಮ ಹಿರಿಯರ ಮನೆಯನ್ನು ದುರಸ್ತಿಗೆಂದು ಬಿಚ್ಚಿಸಿದಾಗ ಅಟ್ಟದ ಮೇಲೆ ದೊರೆತ ಒಂದು ತಗಡಿನ ಟ್ರಂಕು ಈ ಪ್ರಶ್ನೆಗಳನ್ನು ನನ್ನ ಮುಂದಿರಿಸಿತು. ಒಡವೆಯಾಗಲಿ ತಾಳೆಗರಿಯ ಗ್ರಂಥವಾಗಲಿ ಅದರಲ್ಲಿರಲಿಲ್ಲ. ಇದ್ದದ್ದು ಮಕ್ಕಳ ಚಿತ್ರಕಥೆಯ ಪುಸ್ತಕಗಳು, ನಲವತ್ತಕ್ಕೆ ಒಂದೆರಡು ಕಡಮೆ.

ನಾವು ಬಾಲಕರಾಗಿದ್ದಾಗ ಇವುಗಳನ್ನು ಹಿರಿಯರಾರೂ ಪುಸ್ತಕಗಳೆಂದು ಎಣಿಸುತ್ತಿರಲಿಲ್ಲ. 1964ರಲ್ಲಿ ಆರಂಭವಾಗಿ 1990ರಲ್ಲಿ ನಿಂತುಹೋದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲಿಯೂ ಬರುತ್ತಿತ್ತು. ಮುಸುಕುಧಾರಿ ಫ್ಯಾಂಟಮ್‌ನ ಸಾಹಸಗಳನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದಿ ಪೆಟ್ಟು ತಿಂದವರಲ್ಲಿ ನಾನೂ ಒಬ್ಬ. ಓದಿ ಮುಗಿದ ಪ್ರತಿಗಳು ಹಳೆಯ ಪೇಪರಿನವನ ತಕ್ಕಡಿಗೆ ಹೋಗುತ್ತಿದ್ದವು. ಹಾಗೆ ಹೋಗದೆ ಉಳಿದವುಗಳನ್ನು ಹುಡುಕಿಕೊಂಡು ಈಗ ಜನ ಊರೂರು ತಿರುಗುತ್ತಾರೆಂಬ ಸಂಗತಿ ನನಗೆ ತಿಳಿದದ್ದು, ಟ್ರಂಕಿನ ಸುದ್ದಿ ಹರಡಿ ಬೆಂಗಳೂರಿನಿಂದ ಒಬ್ಬ ಸಂಗ್ರಾಹಕರು ಮನೆಗೆ ಬಂದಾಗ.

ಅವರು ಸಭ್ಯರು, ವಿಷಯ ಬಲ್ಲವರು. ಪ್ರತಿಯೊಂದು ಪುಸ್ತಕವನ್ನೂ ಅಂಚಿನಲ್ಲಿ ಹಿಡಿದು, ತುಕ್ಕು ಹಿಡಿದ ಪಿನ್ನುಗಳನ್ನು ಮುಟ್ಟದೆ, ಮೂಗಿನ ಬಳಿ ತಂದು ವಾಸನೆ ನೋಡಿ ಕೆಳಗಿಟ್ಟರು. ಅಗ್ಗದ ಕಾಗದದಲ್ಲಿರುವ ಮರದ ಅಂಶವೇ ಅದನ್ನು ಹಳದಿಯಾಗಿಸಿ ಪುಡಿಗಟ್ಟಿಸುತ್ತದೆಂದೂ, ನಾಲೆಯ ನೀರಿನ ನಮ್ಮ ಸೀಮೆಯ ತೇವಕ್ಕೆ ಇಷ್ಟಾದರೂ ಉಳಿದದ್ದು ಆಶ್ಚರ್ಯವೆಂದೂ ಹೇಳಿದರು. ಅವರ ಕೈ ನಿಂತದ್ದು ಮುಖಪುಟ ಹರಿದ ಒಂದು ತೆಳು ಪುಸ್ತಕದ ಮೇಲೆ. ಅಮರ ಚಿತ್ರ ಕಥೆ ಎಂದೊಡನೆ ಕಾರ್ಕಳದಲ್ಲಿ ಜನಿಸಿದ ಅನಂತ ಪೈಯವರ ಹೆಸರು ನೆನಪಾಗುವುದು ಸಹಜ. ಆದರೆ ಆ ಮಾಲೆಯಲ್ಲಿ ಅವರು ಮೊದಲು ಹೊರತಂದ ‘ಕೃಷ್ಣ’ದ ಸಂಖ್ಯೆ ಒಂದಲ್ಲ, ಹನ್ನೊಂದು. ಅದಕ್ಕೂ ಮೊದಲು, 1965ರಲ್ಲಿ ಆರಂಭಿಸಿ, ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅವರು ಪಾಶ್ಚಾತ್ಯ ಮಕ್ಕಳ ಕಥೆಗಳ ಹತ್ತು ಪುಸ್ತಕಗಳನ್ನು ಪ್ರಕಟಿಸಿದ್ದರು, ಅದೂ ಕನ್ನಡದಲ್ಲಿ. ದೇಶವೆಲ್ಲ ಬಲ್ಲ ಒಂದು ಮಾಲೆಯ ಮೊದಲ ಮಾತು ಕನ್ನಡದ್ದೆಂಬುದು ನಮ್ಮವರಿಗೇ ಮರೆತುಹೋಗಿದೆ. ನಮ್ಮ ಟ್ರಂಕಿನಲ್ಲಿದ್ದದ್ದು ಆ ಹತ್ತರಲ್ಲಿ ಒಂದು ಎಂದು ಬಂದವರು ಗುರುತಿಸಿದರು.

ಅದರ ಒಳಪುಟದಲ್ಲಿ ಶಾಯಿಯಲ್ಲಿ ಒಂದು ಸಹಿ ಇತ್ತು. ನನ್ನ ಅಣ್ಣ, ಈಗ ಅವನಿಲ್ಲ, ಅದರ ಕಥೆಯನ್ನು ನೂರು ಬಾರಿ ಹೇಳಿದ್ದ. ಒಂದು ಸಂಜೆ ಯಲಿಯೂರು ನಿಲ್ದಾಣದಲ್ಲಿ ಪ್ಯಾಸೆಂಜರ್ ಗಾಡಿ ಕ್ರಾಸಿಂಗಿಗಾಗಿ ಬಹಳ ಹೊತ್ತು ನಿಂತಿತಂತೆ. ಕಿಟಕಿಯ ಬಳಿ ಕುಳಿತಿದ್ದ, ನಾಡೆಲ್ಲ ಬಲ್ಲ ಒಬ್ಬ ಸಾಹಿತಿಗಳು ಇವನ ಕೈಯ ಪುಸ್ತಕವನ್ನು ಕೇಳಿ ಪಡೆದು, ಗಾಡಿ ಹೊರಡುವವರೆಗೆ ಓದಿ, ಹೆಸರು ಬರೆದು ಹಿಂದಿರುಗಿಸಿದರಂತೆ. ಆ ಹಿರಿಯರ ಹೆಸರನ್ನು ಇಲ್ಲಿ ಎತ್ತುವುದಿಲ್ಲ; ಎತ್ತಲು ನನಗೆ ಅಧಿಕಾರವಿಲ್ಲವೆಂಬುದೇ ಈ ಲೇಖನದ ವಿಷಯ.

ಸಂಗ್ರಾಹಕರು ಪುಸ್ತಕಕ್ಕೆ ಐದು ಸಾವಿರ ರೂಪಾಯಿ ಎಂದರು. ಸಹಿ ಆ ಮಹನೀಯರದೇ ಎಂದು, ಅವರು ಅದನ್ನು ಓದಿ ಸಹಿ ಮಾಡಿದ್ದನ್ನು ಕಣ್ಣಾರೆ ಕಂಡೆನೆಂದು ನಾನೊಂದು ಪತ್ರ ಬರೆದುಕೊಟ್ಟರೆ ಐವತ್ತು ಸಾವಿರ. ‘ಅಣ್ಣ ಹೇಳುತ್ತಿದ್ದ ಎಂದು ಬರೆದರೆ ಸಾಲದೆ?’ ಎಂದು ಕೇಳಿದೆ. ‘ಸಾಲದು ಸ್ವಾಮಿ, ಕಂಡವರು ಬೇಕು’ ಎಂದರು. ಕೇಳಿದ್ದಕ್ಕೂ ಕಂಡದ್ದಕ್ಕೂ ನಡುವಿನ ಅಂತರ ನಲವತ್ತೈದು ಸಾವಿರ ರೂಪಾಯಿ ಎಂದು ಅಂದು ಕಲಿತೆ.

ಇದು ಒಬ್ಬರ ಹುಚ್ಚಲ್ಲ, ಜಗತ್ತಿನಾದ್ಯಂತ ನಡೆಯುವ ವ್ಯವಹಾರ. ಅಮೆರಿಕದ ಕೊಲರಾಡೊ ಪ್ರಾಂತದಲ್ಲಿ ಎಡ್ಗರ್ ಚರ್ಚ್ ಎಂಬುವನು ಟೆಲಿಫೋನ್ ಸಂಸ್ಥೆಗೆ ಜಾಹೀರಾತಿನ ಚಿತ್ರಗಳನ್ನು ಬರೆಯುತ್ತಿದ್ದ. ವರ್ಷಗಟ್ಟಲೆ ಕೊಂಡ ಸಾವಿರಾರು ಚಿತ್ರಕಥೆಯ ಸಂಚಿಕೆಗಳನ್ನು ಆತ ಒಪ್ಪವಾಗಿ ಜೋಡಿಸಿಟ್ಟಿದ್ದ. ಒಣ ಹವೆಯಲ್ಲಿ ಅವು ಅಚ್ಚಿನಿಂದ ಬಂದಂತೆಯೇ ಉಳಿದಿದ್ದವು. 1977ರಲ್ಲಿ ಆ ರಾಶಿ ಮಾರಾಟವಾದಂದಿನಿಂದ ‘ಇದು ಚರ್ಚ್‌ನ ಪ್ರತಿ’ ಎಂಬ ಒಂದು ಮಾತಿಗೇ ಹೆಚ್ಚಿನ ಬೆಲೆ. ಇಲ್ಲಿ ಒಡೆಯನ ಹೆಸರು ಅವನು ತೋರಿದ ಜತನದ ಗುರುತು. ಇದನ್ನು ಗೌರವಿಸಲು ನನಗೆ ಅಡ್ಡಿಯಿಲ್ಲ. ಇನ್ನೊಂದು ಪ್ರಸಂಗ ಬೇರೆ ಬಗೆಯದು. 1938ರಲ್ಲಿ ಹತ್ತು ಸೆಂಟಿಗೆ ಮಾರಾಟವಾದ ಆ್ಯಕ್ಷನ್ ಕಾಮಿಕ್ಸ್‌ನ ಮೊದಲ ಸಂಚಿಕೆಯ ಒಂದು ಪ್ರತಿ ನಟ ನಿಕೊಲಸ್ ಕೇಜ್ ಬಳಿ ಇತ್ತು. 2000ದಲ್ಲಿ ಅದು ಕಳವಾಯಿತು. 2011ರಲ್ಲಿ ಕ್ಯಾಲಿಫೋರ್ನಿಯದ ಒಂದು ಸರಕಿನ ಕೋಣೆಯಲ್ಲಿ ಪತ್ತೆಯಾಗಿ, ಅದೇ ವರ್ಷ ಹರಾಜಿನಲ್ಲಿ ಇಪ್ಪತ್ತೊಂದು ಲಕ್ಷ ಡಾಲರಿಗೂ ಮಿಗಿಲಾಗಿ ಹೋಯಿತು. ನಟನ ಹೆಸರೂ ಕಳ್ಳತನದ ಕಥೆಯೂ ಸೇರಿ ಆ ಪ್ರತಿಗೆ ಬೇರೆಯದೇ ಕೀರ್ತಿ ಬಂದಿದೆ. ಕಳವೂ ಒಂದು ಆಭರಣವಾಗುವ ಪೇಟೆ ಇದು!

ಪುಸ್ತಕದ ಸ್ಥಿತಿಯನ್ನು ಪರೀಕ್ಷಿಸಿ ಹತ್ತಕ್ಕೆ ಇಂತಿಷ್ಟೆಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನ ಸಂಪುಟದಲ್ಲಿ ಮುದ್ರೆಯೊತ್ತಿ ಕೊಡುವ ಸಂಸ್ಥೆಗಳೂ ಅಲ್ಲಿವೆ. ತಮ್ಮ ಪ್ರತಿನಿಧಿಯ ಎದುರಿನಲ್ಲಿ ಮಾಡಿದ ಸಹಿಯಾದರೆ ಭೂಷಣ. ಸಾಕ್ಷಿಯಿಲ್ಲದ ಸಹಿ ಎಷ್ಟೋ ವೇಳೆ, ಓದಿದ ಮಗುವೊಂದು ಬರೆದುಕೊಂಡ ಹೆಸರಿನಂತೆ, ಮುಖಪುಟದ ಮೇಲಿನ ಒಂದು ಕಲೆ ಮಾತ್ರ. ಸಂಪುಟವನ್ನು ಒಡೆದು ಓದಿದರೆ ಅಂಕ ಹೋಯಿತು.

ನಗುವ ಮೊದಲು ನಾವು ನಮ್ಮ ಕಡೆ ನೋಡಿಕೊಳ್ಳಬೇಕು. ಮೂಡಬಿದಿರೆಯಲ್ಲಿ ಧವಳಾದಿ ಗ್ರಂಥಗಳ ತಾಡವೋಲೆಗಳು ಬಹುಕಾಲ ದರ್ಶನಕ್ಕೆ ಮಾತ್ರ ಇದ್ದವು, ಓದಿಗಲ್ಲ. ಪ್ರತಿಗಳು ಹೊರಬಂದು, 1939ರಲ್ಲಿ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಗುವ ಹೊತ್ತಿಗೆ ಎಷ್ಟೋ ತಲೆಮಾರು ಕೈಮುಗಿದು ಹೋಗಿದ್ದವು. ಆ ಕಾವಲುಗಾರರಿಲ್ಲದಿದ್ದರೆ ಅಚ್ಚಿಸಲು ಏನೂ ಉಳಿಯುತ್ತಿರಲಿಲ್ಲ ಎಂಬುದೂ ಅಷ್ಟೇ ದಿಟ. ಆದಕಾರಣ ಸಂಗ್ರಾಹಕರನ್ನು ಒಟ್ಟಾಗಿ ಲೋಭಿಗಳೆನ್ನಲಾರೆ. ಆದರೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ನಾವು ಹೊಗಳುವುದು ಅವಳ ಬಳಿ ಉಳಿದ ಪ್ರತಿಗಾಗಿ ಅಲ್ಲವಷ್ಟೆ. ಇನ್ನು ಹೆಸರಿನ ಮಾತು: ಬಸದಿಗಳಲ್ಲಿ ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು ತಿರುಗುತ್ತಿರುವಾಗ ಅನ್ಯರ ಸಹಿಯ ಮೋಹವನ್ನು ಹಳಿಯುವ ಧೈರ್ಯ ನನಗಿಲ್ಲ.

ಪತ್ರ ಬರೆಯಬೇಕೆಂದು ನನ್ನನ್ನು ಒತ್ತಾಯಿಸಿದವನು ಸೋದರಳಿಯ. ಅವನ ವಾದ ಹಗುರವಾದುದಲ್ಲ. ‘ಮಾವ, ದೊಡ್ಡ ಮಾವ ಸುಳ್ಳು ಹೇಳುವವರೆ? ನೀವು ಆಗ ಅಲ್ಲಿದ್ದಿರೋ ಇಲ್ಲವೋ ಯಾರಿಗೆ ಬೇಕು? ಬಸದಿಯ ಸೂರು ಮಳೆಗಾಲದಲ್ಲಿ ಸೋರುತ್ತಿದೆ, ಆ ಹಣವನ್ನು ಅಲ್ಲಿಗೇ ಕೊಡೋಣ’ ಎಂದ. ಟ್ರಸ್ಟಿನ ಹಿರಿಯರೊಬ್ಬರೊಡನೆ ಪ್ರಸ್ತಾಪಿಸಿದಾಗ ಅವರೂ ವಿರೋಧಿಸಲಿಲ್ಲ. ನಾನು ಎರಡು ದಿನ ಕಾಗದ ಮುಂದಿಟ್ಟುಕೊಂಡು ಕುಳಿತೆ. ‘ನಾನು ಅಣ್ಣನ ಪಕ್ಕದಲ್ಲಿದ್ದೆ’ ಎಂಬ ವಾಕ್ಯವನ್ನು ಬರೆದೂ ಇದ್ದೆ. ವಿಚಿತ್ರವೆಂದರೆ, ಬರೆದ ಮೇಲೆ ಅದು ನಡೆದಂತೆಯೇ ಕಾಣತೊಡಗಿತು. ಗಾಡಿಯ ಹೊಗೆ, ಕಿಟಕಿಯ ಕಂಬಿ ಎಲ್ಲವೂ ಕಣ್ಣಿಗೆ ಕಟ್ಟಿದವು.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆಯನ್ನು, ಎಂದರೆ ಕಪಟ ಪತ್ರ ಬರೆಯುವುದನ್ನು, ಪ್ರತ್ಯೇಕವಾಗಿ ಹೆಸರಿಸುತ್ತದೆ. ಬಾಯಿಯ ಸುಳ್ಳಿನಿಂದ ಅದನ್ನು ಬೇರೆಯಾಗಿರಿಸಿದ್ದೇಕೆಂದು ಹಿಂದೆ ನಾನು ಯೋಚಿಸಿರಲಿಲ್ಲ. ಬಾಯಿಯ ಮಾತು ಹೇಳಿದವನೊಡನೆ ಮುಗಿಯಬಹುದು. ಪತ್ರ ಪುಸ್ತಕದ ಜೊತೆಯಲ್ಲಿ ಕೈಯಿಂದ ಕೈಗೆ ಹೋಗುತ್ತದೆ, ನನ್ನನ್ನು ಕಾಣದ, ಪ್ರಶ್ನಿಸಲಾರದ ಜನರ ಬಳಿಗೆ. ನಾಳೆ ಆ ಸಾಹಿತಿಗಳ ಜೀವನವನ್ನು ಬರೆಯುವವನು ಅವರು ಇಂಥ ದಿನ ಯಲಿಯೂರಿನಲ್ಲಿ ಮಕ್ಕಳ ಪುಸ್ತಕ ಓದಿದರೆಂದು ನನ್ನ ಮಾತನ್ನು ನಂಬಿ ಬರೆದಾನು. ಅಣ್ಣ ಸುಳ್ಳ ಎಂದು ನಾನು ಹೇಳುತ್ತಿಲ್ಲ. ಅವನು ಕಥೆಗಾರ, ಒಮ್ಮೆ ಸಾಹಿತಿಗಳು ಗಾಡಿಯಿಂದ ಇಳಿದು ಕಲ್ಲಿನ ಬೆಂಚಿನ ಮೇಲೆ ಕುಳಿತರೆಂದೂ ಹೇಳಿದ್ದುಂಟು.

ಎರಡನೆಯ ರಾತ್ರಿ ಪುಸ್ತಕವನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದಾಗ ಕೊನೆಯ ಪುಟದ ಒಂದು ಕಡೆ ಕಾಗದ ತೆಳುವಾಗಿ ಬೆಳಕು ಹೆಚ್ಚು ಹಾಯುತ್ತಿರುವುದು ಕಂಡಿತು. ದುಂಡನೆಯ ನೇರಳೆ ಬಣ್ಣದ ಅರ್ಧ ಅಂಚು ಇನ್ನೂ ಉಳಿದಿತ್ತು. ಅದನ್ನು ಬ್ಲೇಡಿನಿಂದ ಕೆರೆದವನು ನಾನು. ನನಗಾಗ ಹತ್ತು ವರ್ಷ. ಅದು ನಮ್ಮ ಶಾಲೆಯ ಪುಸ್ತಕ ಭಂಡಾರದ ಮುದ್ರೆ. ಅಣ್ಣ ಎರವಲು ತಂದಿದ್ದ. ಸಹಿ ಬಿದ್ದ ಮೇಲೆ ಹಿಂದಿರುಗಿಸಲು ಮನಸ್ಸಾಗದೆ ಕಳೆದುಹೋಯಿತೆಂದು ಮೇಷ್ಟರಿಗೆ ಹೇಳಿದ. ಮನೆಯಲ್ಲಿ ಸಿಕ್ಕಿಬೀಳದಿರಲೆಂದು ನನ್ನ ಕೈಗೆ ಬ್ಲೇಡು ಕೊಟ್ಟ. ಇಷ್ಟು ವರ್ಷ ನನಗೆ ನೆನಪಿದ್ದದ್ದು ಸಾಹಿತಿಗಳ ಸಹಿ ಮಾತ್ರ. ಆ ಪುಸ್ತಕದ ಒಡೆತನಕ್ಕೆ ಸಂಬಂಧಿಸಿದಂತೆ ನಾನು ಕಣ್ಣಾರೆ ಕಂಡು ಪ್ರಮಾಣ ಮಾಡಬಹುದಾದ ಸಂಗತಿ ಒಂದೇ ಇತ್ತು, ಅದನ್ನು ನಾನೇ ಕೆರೆದು ಹಾಕಿದ್ದೆ. ಅಚೌರ್ಯ ವ್ರತದ ಅತಿಚಾರಗಳಲ್ಲಿ ಕದ್ದು ತಂದ ವಸ್ತುವನ್ನು ಸ್ವೀಕರಿಸುವುದೂ ಒಂದು. ಆ ಹಣದಿಂದ ಬಸದಿಗೆ ಸೂರು ಹಾಕಿಸಲು ಹೊರಟಿದ್ದೆ.

ಉಳಿದ ಪುಸ್ತಕಗಳನ್ನು ಸಂಗ್ರಾಹಕರಿಗೇ ಕೊಟ್ಟೆ. ಅವರು ಹೇಳಿದ ಬೆಲೆ ಚಿಕ್ಕದು, ಅದು ಸೂರಿನ ಲೆಕ್ಕಕ್ಕೆ ಹೋಯಿತು. ಸೋದರಳಿಯ ಕೆಲವು ವಾರ ನನ್ನೊಡನೆ ಹೆಚ್ಚು ಮಾತನಾಡಲಿಲ್ಲ. ಆ ಒಂದನ್ನು ಶಾಲೆಗೆ ಒಯ್ದೆ. ಮುಖ್ಯೋಪಾಧ್ಯಾಯಿನಿಯವರು ನನಗಿಂತ ಬಹಳ ಚಿಕ್ಕವರು. ಸಹಿಯ ಕಥೆಯನ್ನು ಅಣ್ಣ ಹೇಳಿದ್ದೆಂದೇ ಹೇಳಿದೆ, ಬ್ಲೇಡಿನ ಕಥೆಯನ್ನು ನನ್ನದೆಂದು ಹೇಳಿದೆ. ಅವರು ಏನೆನ್ನಬೇಕೆಂದು ತೋಚದೆ ದಾಖಲೆಯ ಪುಸ್ತಕ ತೆಗೆದರು. ಅದರಲ್ಲಿ ‘ಖರೀದಿ’ ಎಂದೊಂದು ಅಂಕಣ, ‘ದಾನಿಯ ಹೆಸರು’ ಎಂದೊಂದು ಅಂಕಣ ಇದ್ದವು. ‘ನಿಮ್ಮ ಹೆಸರು ಬರೆಯಲೆ, ಅಣ್ಣನವರದೆ?’ ಎಂದು ಕೇಳಿದರು. ದಾನವಲ್ಲಮ್ಮ, ಇದು ನಿಮ್ಮದೇ ಎಂದೆ. ಸ್ವಲ್ಪ ಹೊತ್ತು ಲೇಖನಿ ಹಿಡಿದು ಕುಳಿತಿದ್ದು, ಎರಡು ಅಂಕಣಗಳನ್ನೂ ಬಿಟ್ಟು, ಅಂಚಿನಲ್ಲಿ ‘ಹಿಂದಿರುಗಿ ಬಂದದ್ದು’ ಎಂದು ಬರೆದು ದಿನಾಂಕ ಹಾಕಿದರು.