ಶರಣು ಬಂದ ಬಂಡುಕೋರ: ಕಂಪಿಲಿ ಎತ್ತಿದ ಪ್ರಶ್ನೆ

ಬಲಾಢ್ಯ ಸಾಮ್ರಾಜ್ಯದ ವಿರುದ್ಧ ದಂಗೆಯೆದ್ದು ಸೋತವನೊಬ್ಬ ನೆರೆಯ ಸಣ್ಣ ರಾಜ್ಯದಲ್ಲಿ ಆಶ್ರಯ ಬೇಡಿದರೆ ಅಲ್ಲಿನ ಅರಸನ ಧರ್ಮ ಯಾವುದು? ಶರಣಾಗತನನ್ನು ಕೈಬಿಡುವುದು ಮಹಾಪಾಪವೆಂದು ಪುರಾಣೇತಿಹಾಸಗಳು ಸಾರುತ್ತವೆ. ಕುಲದ ಹಿತಕ್ಕೆ ಒಬ್ಬನನ್ನು, ನಾಡಿನ ಹಿತಕ್ಕೆ ಒಂದು ಊರನ್ನೇ ತೊರೆಯಬಹುದೆಂಬ ವಿದುರನೀತಿಯೂ ಅವುಗಳಲ್ಲೇ ಇದೆ. ತುಂಗಭದ್ರೆಯ ದಂಡೆಯ ಕಂಪಿಲಿ ರಾಜ್ಯ ಮೊದಲನೆಯದನ್ನು ಆರಿಸಿಕೊಂಡು ಅಳಿಯಿತು.

ಬಹಾವುದ್ದೀನ್ ಗುರ್ಶಾಸ್ಪ್ ದೆಹಲಿಯ ಮಹಮ್ಮದ್ ಬಿನ್ ತುಘಲಕ್‌ನ ಸೋದರತ್ತೆಯ ಮಗ. ಇಂದಿನ ಯಾದಗಿರಿ ಜಿಲ್ಲೆಯ ಸಗರದ ಅಧಿಕಾರಿ. 1326-27ರಲ್ಲಿ ಅವನು ಬಂಡೆದ್ದು ಸೋತು ಕಂಪಿಲರಾಯನ ಮೊರೆಹೊಕ್ಕ. ಬೆನ್ನಟ್ಟಿ ಬಂದ ಸೈನ್ಯದ ಮೊದಲ ದಾಳಿಗಳನ್ನು ಕಂಪಿಲಿ ತಡೆಯಿತು, ಕೊನೆಯದನ್ನು ತಡೆಯಲಾಗಲಿಲ್ಲ. ಸೋಲು ಖಚಿತವಾದಾಗ ರಾಯ ಮಾಡಿದ್ದನ್ನು ಇಬ್ನ್ ಬತೂತ ಬರೆದಿದ್ದಾನೆ. ತಾನು ಪರಿವಾರದೊಡನೆ ಸಾಯಲು ನಿಶ್ಚಯಿಸಿರುವುದಾಗಿ ಹೇಳಿ, ಅತಿಥಿಯನ್ನು ದೋರಸಮುದ್ರದ ಹೊಯ್ಸಳ ಮೂರನೆಯ ಬಲ್ಲಾಳನ ಬಳಿಗೆ ಸಾಗಹಾಕಿದ. ಅರಮನೆಯ ಹೆಂಗಸರು ಬೆಂಕಿಗೆ ಹಾರಿದರು. ರಾಯ ಕೋಟೆಯಿಂದ ಹೊರಬಿದ್ದು ಕಾದಾಡಿ ಸತ್ತ. ಸೆರೆಸಿಕ್ಕ ಅವನ ಮಕ್ಕಳನ್ನು ಸುಲ್ತಾನ ಮತಾಂತರಿಸಿದರೂ ತಂದೆಯ ನಡತೆಯನ್ನು ಮೆಚ್ಚಿ ಅಮೀರರನ್ನಾಗಿ ಮಾಡಿದನಂತೆ. ಶತ್ರುವಿನಿಂದ ಬಂದ ಈ ಮನ್ನಣೆ ಸಣ್ಣದಲ್ಲ.

ಬಲ್ಲಾಳ ವಿದುರನೀತಿ ಹಿಡಿದು ಬಂಡುಕೋರನನ್ನು ಒಪ್ಪಿಸಿದ. ಸುಲ್ತಾನ ಗುರ್ಶಾಸ್ಪ್‌ನ ಚರ್ಮ ಸುಲಿಸಿ, ಅದಕ್ಕೆ ಹುಲ್ಲು ತುಂಬಿಸಿ ಊರೂರು ಮೆರೆಸಿದ. ಹೊಯ್ಸಳನಿಗೆ ಸಿಕ್ಕಿದ್ದು ಹದಿನೈದು ವರ್ಷಗಳಷ್ಟು ಆಯುಷ್ಯ. ಮುಂದೆ ಮಧುರೆಯ ಸುಲ್ತಾನನ ಕೈಗೆ ಸಿಕ್ಕ ಮುದಿ ಬಲ್ಲಾಳನಿಗೂ ಅದೇ ಗತಿಯಾಯಿತು. ಹುಲ್ಲು ತುಂಬಿದ ಅವನ ಚರ್ಮ ಮಧುರೆಯ ಗೋಡೆಯ ಮೇಲೆ ತೂಗುತ್ತಿದ್ದುದನ್ನು ಕಂಡೆನೆಂದು ಬರೆದವನೂ ಇಬ್ನ್ ಬತೂತನೇ. ಇದನ್ನು ಕರ್ಮಫಲವೆಂದು ಓದುವ ಆಸೆ ಸಹಜ, ಆದರೆ ಎರಡು ಸಾವುಗಳಿಗೂ ಕಾರ್ಯಕಾರಣ ಸಂಬಂಧವಿಲ್ಲ. ಆಶ್ರಯ ಕೊಟ್ಟರೆ ಋಣ ಉಳಿಯುತ್ತದೆಂಬ ನಂಬಿಕೆಯೂ ಇಷ್ಟೇ ಪೊಳ್ಳು. ಇಬ್ರಾಹಿಂ ಕುತುಬ್ ಶಾ 1543ರಿಂದ ಏಳು ವರ್ಷ ವಿಜಯನಗರದಲ್ಲಿ ರಾಮರಾಯನ ಆಶ್ರಯದಲ್ಲಿದ್ದ, ಅವನ ನೆರವಿನಿಂದಲೇ ಗೋಲ್ಕೊಂಡದ ಗದ್ದುಗೆ ಏರಿದ. 1565ರಲ್ಲಿ ರಾಮರಾಯನನ್ನು ಮುಗಿಸಿದ ಒಕ್ಕೂಟದಲ್ಲಿ ಅವನೂ ಇದ್ದ.

ಲಾಭನಷ್ಟದ ಲೆಕ್ಕ ಹೀಗೆ ಎರಡೂ ಕಡೆ ಕೈಕೊಡುವುದರಿಂದ ಪ್ರಶ್ನೆ ಮತ್ತೆ ಧರ್ಮದ ಅಂಗಳಕ್ಕೇ ಬರುತ್ತದೆ. ಹಂಪಿಯ ಪರಿಸರವನ್ನು ಕಿಷ್ಕಿಂಧೆಯೆಂದು ನಂಬುವ ಜನರಿಗೆ ಇದು ಹೊಸದಲ್ಲ. ವಾಲಿಗೆ ಹೆದರಿದ ಸುಗ್ರೀವ ಬದುಕುಳಿದದ್ದು ಮತಂಗ ಮುನಿಯ ಶಾಪ ಕಾಯುತ್ತಿದ್ದ ಬೆಟ್ಟದಲ್ಲಿ. ವಿಭೀಷಣ ಬಂದಾಗ ಬೇಡವೆಂದು ವಾದಿಸಿದವನೂ ಆ ಸುಗ್ರೀವನೇ. ರಾಮ ಅಭಯ ಕೊಟ್ಟ. ಆದರೆ ಅಲ್ಲಿ ಅಪಾಯ ಹೊತ್ತದ್ದು ಯುದ್ಧಕ್ಕೆಂದೇ ಹೊರಟ ಸೈನ್ಯ. ಪಾರಿವಾಳವನ್ನು ಉಳಿಸಲು ಶಿಬಿ ಕೊಯ್ದುಕೊಟ್ಟದ್ದು ತನ್ನ ಮಾಂಸವನ್ನು. ಕಂಪಿಲರಾಯ ತನ್ನ ಪ್ರಾಣದ ಜೊತೆಗೆ ಪ್ರಜೆಗಳ ಪ್ರಾಣವನ್ನೂ ಪಣಕ್ಕಿಟ್ಟ. ಅವರನ್ನು ಯಾರೂ ಕೇಳಿರಲಿಲ್ಲ. ಅವನ ತ್ಯಾಗದಲ್ಲಿ ಉಳಿದುಹೋದ ಕೊರತೆ ಇದು. ಜನಮನಸ್ಸು ಮಾತ್ರ ಈ ಕೊರತೆಯನ್ನು ಎಣಿಸಿಲ್ಲ. ಸಂಡೂರಿನ ಬೆಟ್ಟಸಾಲಿನ ಹೊಸಮಲೆದುರ್ಗದ ಸುತ್ತಮುತ್ತ ಶರಣಾಗತರಕ್ಷಕನಾಗಿ, ಪರನಾರಿ ಸಹೋದರನಾಗಿ ರಾಯನ ಮಗ ಕುಮಾರರಾಮನಿಗೆ ಇಂದಿಗೂ ಪೂಜೆ ಸಲ್ಲುತ್ತದೆ.

ಆಧುನಿಕ ಕಾನೂನು ನಡುವಿನ ದಾರಿಯೊಂದನ್ನು ಹುಡುಕಿದೆ: ಬಂದವನಿಗೆ ನೆಲೆ ಕೊಡಬೇಕು, ಅವನ ಆಯುಧವನ್ನು ಕೆಳಗಿಡಿಸಬೇಕು. 1959ರಲ್ಲಿ ದಲೈ ಲಾಮಾ ಅವರಿಗೆ ಆಶ್ರಯವಿತ್ತ ಭಾರತ, ಈ ನೆಲದಿಂದ ರಾಜಕೀಯ ಚಟುವಟಿಕೆ ನಡೆಯಬಾರದೆಂದಿತು; ಬೈಲುಕುಪ್ಪೆ, ಮುಂಡಗೋಡಗಳಲ್ಲಿ ಟಿಬೆಟನ್ನರಿಗೆ ಭೂಮಿ ಸಿಕ್ಕಿತು. ಅಪರಾಧಿಯೇ ಆಗಿದ್ದರೂ ಚಿತ್ರಹಿಂಸೆ ಕಾದಿರುವ ದೇಶಕ್ಕೆ ಯಾರನ್ನೂ ಒಪ್ಪಿಸಬಾರದೆಂದು 1984ರ ವಿಶ್ವಸಂಸ್ಥೆಯ ಒಡಂಬಡಿಕೆ ವಿಧಿಸುತ್ತದೆ. ಗುರ್ಶಾಸ್ಪ್‌ನಂಥವರಿಗೆ ಸಲ್ಲುವ ನಿಯಮವದು. ಭಾರತ ಅದಕ್ಕೆ 1997ರಲ್ಲಿ ಸಹಿ ಹಾಕಿದೆ, ಅನುಮೋದಿಸಿಲ್ಲ.